ಛೋಮ್ರೋಂಗಿನ ಆಮಾ ಮತ್ತು ಒಂದು ತಟ್ಟೆ ಹಿಟ್ಟು

ನೇಪಾಳದ ಕಿಮ್ರೋಂಗ್ ಹೊಳೆ ದಾಟಿ ಎದುರಿನ ಏರು ಹತ್ತುತ್ತಿದ್ದೆವು. ಸುಸ್ತಾಗಿ ಒಂದು ಕಲ್ಲುಕಟ್ಟೆಯ ಮೇಲೆ ಕೂತು ನೀರು ಕುಡಿಯುವಾಗ ಪಕ್ಕದ ಮೆಟ್ಟಿಲುಹೊಲ ಕಣ್ಣಿಗೆ ಬಿತ್ತು. ಮಂಡಿ ದಾಟಿದ ಪೈರು, ತುದಿಯಲ್ಲಿ ಬೆರಳು ಮಡಚಿದ ಹಾಗೆ ತೆನೆ. ಎದ್ದು ಹೋಗಿ ಒಂದು ತೆನೆ ಬಗ್ಗಿಸಿ, ಕಾಳನ್ನು ಉಗುರಿನಿಂದ ಒತ್ತಿ ನೋಡಿದೆ. ಇನ್ನೂ ಪೂರ್ತಿ ಬಲಿತಿರಲಿಲ್ಲ, ಹಾಲು ಬಂತು.

"ರಾಗಿ ಕಣೋ!" ಅಂದೆ ತಮ್ಮನಿಗೆ. ದನಿ ಸ್ವಲ್ಪ ಜೋರಾಗಿಯೇ ಬಂದಿರಬೇಕು, ಹಿಂದೆ ಬರುತ್ತಿದ್ದವರೆಲ್ಲ ನಿಂತು ನೋಡಿದರು.

"ಕೋದೋ, ದಿದಿ," ಅಂದ ನಮ್ಮ ಚೀಲ ಹೊತ್ತು ದಾರಿ ತೋರಿಸಲು ಬಂದಿದ್ದ ಹುಡುಗ. ಕೋದೋ ಅಂದರೆ ಹಾರಕ ಅಲ್ಲವಾ ಅಂತ ತಮ್ಮನ ಅನುಮಾನ. ಹಿಂದಿಯಲ್ಲಿ ಹೌದು, ಹಾರಕಕ್ಕೇ ಕೋದೋ ಎನ್ನುತ್ತಾರೆ. ನೇಪಾಳದಲ್ಲಿ ಆ ಹೆಸರು ರಾಗಿಗೆ. ನಮ್ಮೂರಲ್ಲೂ ಆಗ ಹೊಲ ಹೀಗೇ ತೆನೆ ಹೊತ್ತು ನಿಂತಿತ್ತು. ಹೊರಡುವ ಹಿಂದಿನ ಸಂಜೆ ಅವ್ವನ ಜೊತೆ ಬದುವಿನ ಮೇಲೆ ನಿಂತು ನೋಡಿ ಬಂದಿದ್ದೆ.

ನಾನು ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನಲವತ್ತಾರು ವರ್ಷ. ತಮ್ಮ ಬೆಂಗಳೂರಿನಲ್ಲಿದ್ದಾನೆ, ಚಾರಣದ ಹುಚ್ಚು ಅವನದು. ಮೂರು ವರ್ಷದಿಂದ "ಅಕ್ಕ, ಒಂದ್ಸಲ ಬಾ, ಅನ್ನಪೂರ್ಣ ಬೇಸ್ ಕ್ಯಾಂಪಿಗೆ ಹೋಗೋಣ" ಅನ್ನುತ್ತಿದ್ದ. ಕಳೆದ ದಸರಾ ರಜೆಗೆ ಹೂಂ ಅಂದೆ. ಅದಕ್ಕಾಗಿ ನಾಲ್ಕು ತಿಂಗಳು ಪ್ರತಿ ಭಾನುವಾರ ಬೆಳಿಗ್ಗೆ ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನು ಎರಡೆರಡು ಸಲ ಹತ್ತಿ ಇಳಿದೆ. ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲಿನಲ್ಲಿ. ನಡಿಗೆಯ ಬಗ್ಗೆ, ಹಿಮದ ಬಗ್ಗೆ ತಮ್ಮ ನೂರು ಫೋಟೊ ಹಾಕಿದ್ದಾನೆ, ಅದನ್ನು ಅವನಿಗೇ ಬಿಡುತ್ತೇನೆ. ನನಗೆ ಬರೆಯಬೇಕು ಅನ್ನಿಸಿದ್ದು ರಾತ್ರಿ ತಂಗಿದ ಮನೆಗಳ ವಿಷಯ.

ಮನೆ ಅಂತಲೇ ಬರೆದೆ. ಬೋರ್ಡಿನ ಮೇಲೆ ಲಾಡ್ಜ್, ಗೆಸ್ಟ್ ಹೌಸ್ ಅಂತ ಇರುತ್ತದೆ. ಕಲ್ಲಿನ ಗೋಡೆ, ನೀಲಿ ತಗಡಿನ ಸೂರು, ಸಾಲಾಗಿ ಸಣ್ಣ ಸಣ್ಣ ಕೋಣೆ. ಕೋಣೆಗಳ ನಡುವೆ ಪ್ಲೈವುಡ್ ಅಷ್ಟೇ, ಪಕ್ಕದವರು ಮಗ್ಗುಲು ಬದಲಿಸಿದರೂ ಗೊತ್ತಾಗುತ್ತದೆ. ಎರಡು ಮಂಚ, ಎರಡು ದಪ್ಪ ರಜಾಯಿ, ಒಂದು ಬಲ್ಬು. ಕೋಣೆಯ ಬಾಡಿಗೆ ತೀರಾ ಕಮ್ಮಿ, ಆದರೆ ಊಟ ತಿಂಡಿ ಅಲ್ಲಿಯೇ ಮಾಡಬೇಕು. ಅವರ ಬದುಕು ನಡೆಯುವುದೇ ಅಡುಗೆಮನೆಯಿಂದ. ದರಗಳನ್ನು ಲಾಡ್ಜ್‌ನವರ ಸಮಿತಿ ಗೊತ್ತು ಮಾಡಿರುತ್ತದೆ, ಹಾಗಾಗಿ ಒಂದೂರಲ್ಲಿ ಯಾರ ಮನೆಗೆ ಹೋದರೂ ಚಹಾದ ಬೆಲೆ ಒಂದೇ.

ಛೋಮ್ರೋಂಗ್ ತಲುಪಿದ್ದು ವಿಜಯದಶಮಿಯ ದಿನ. 2,170 ಮೀಟರ್ ಎತ್ತರದಲ್ಲಿ ಬೆಟ್ಟದ ಮೈಗೆ ಅಂಟಿಕೊಂಡ ಗುರುಂಗರ ಊರು ಅದು. ಅವರಿಗೆ ಅದು ದಶೈಂ, ವರ್ಷದ ದೊಡ್ಡ ಹಬ್ಬ. ನಾವು ಹೋದ ಲಾಡ್ಜ್‌ನ ಅಂಗಳದಲ್ಲಿ ಮನೆಮಂದಿಯೆಲ್ಲ ಸಾಲಾಗಿ ಕೂತಿದ್ದರು. ಅರವತ್ತೈದು ದಾಟಿದ ಒಬ್ಬ ಹೆಂಗಸು ಮೊಸರಿನಲ್ಲಿ ಕಲಸಿದ ಅಕ್ಕಿಯನ್ನು ಒಬ್ಬೊಬ್ಬರ ಹಣೆಗೂ ಒತ್ತಿ, ಕಿವಿಯ ಹಿಂದೆ ಹಳದಿ ಬಣ್ಣದ ಮೊಳಕೆ ಸಿಕ್ಕಿಸುತ್ತಿದ್ದರು. ನವರಾತ್ರಿಯ ಮೊದಲ ದಿನ ಕತ್ತಲೆಯಲ್ಲಿ ಬಿತ್ತಿದ ಜವೆಗೋಧಿಯ ಮೊಳಕೆ ಅದು. ಬಿಸಿಲು ಕಾಣದ್ದರಿಂದ ಹಸಿರು ತಿರುಗದೆ ಹಳದಿಯಾಗಿಯೇ ಉಳಿಯುತ್ತದೆ. ಜಮರಾ ಅಂತ ಹೆಸರು. ನಮ್ಮ ಉತ್ತರ ಕರ್ನಾಟಕದ ಗೆಳತಿಯ ಮನೆಯಲ್ಲಿ ಘಟಸ್ಥಾಪನೆಗೆ ಹೀಗೇ ಸಸಿ ಬೆಳೆಸುವುದನ್ನು ನೋಡಿದ್ದೆ. ಬೇರೆ ಮನೆಗಳಲ್ಲಿ ಕುಂಕುಮ ಬೆರೆಸಿದ ಕೆಂಪು ಟೀಕಾ, ಈ ಮನೆಯಲ್ಲಿ ಬಿಳಿ. ಗುರುಂಗರಲ್ಲಿ ಬಿಳಿಯದೇ ಇಡುವವರು ಇದ್ದಾರೆ.

ಆ ಹೆಂಗಸನ್ನು ಎಲ್ಲರೂ ಆಮಾ ಅನ್ನುತ್ತಿದ್ದರು. ಅಮ್ಮ. ನಾನೂ ಹಾಗೇ ಕರೆದೆ. ಆಮಾಗೆ ಹಿಂದಿ ಬರುತ್ತಿತ್ತು, ನನ್ನ ಹಿಂದಿಯಷ್ಟೇ. ಗಂಡ ಭಾರತದ ಸೈನ್ಯದಲ್ಲಿ ಗೂರ್ಖಾ ರೆಜಿಮೆಂಟಿನಲ್ಲಿದ್ದವರು, ಮದುವೆಯಾದ ಹೊಸದರಲ್ಲಿ ಎರಡು ವರ್ಷ ಶಿಲ್ಲಾಂಗಿನಲ್ಲಿ ಸಂಸಾರ ಮಾಡಿದ್ದರಂತೆ. ಊಟದ ಕೋಣೆಯ ಗೋಡೆಯ ಮೇಲೆ ಅವರ ಫೋಟೊ ಇದೆ, ಎದೆಯ ಮೇಲೆ ಮೂರು ಪದಕ. ಈಗಿಲ್ಲ. ಆಮಾ ಪಿಂಚಣಿ ಕೆಲಸಕ್ಕೆ ಪೋಖರಾಕ್ಕೆ ಇಳಿದು ಹೋಗುತ್ತಾರೆ. ನಮ್ಮ ಸರ್ಕಾರ ನಿವೃತ್ತ ಗೂರ್ಖಾ ಸೈನಿಕರಿಗಾಗಿ ಅಲ್ಲಿ ಒಂದು ಪಿಂಚಣಿ ಕಚೇರಿ ಇಟ್ಟಿದೆ.

ರಾತ್ರಿ ಊಟಕ್ಕೆ ದಾಲ್ ಭಾತ್. ಅನ್ನ, ಬೇಳೆ, ಆಲೂಗಡ್ಡೆ ಪಲ್ಯ, ಸಾಸಿವೆ ಸೊಪ್ಪು, ಒಂದು ಚೂರು ಉಪ್ಪಿನಕಾಯಿ. ಆಮಾ ಪಾತ್ರೆ ಹಿಡಿದು ಬಂದು "ಥಪ್ನೆ?" ಅಂತ ಕೇಳುತ್ತಾರೆ. ಇನ್ನಷ್ಟು ಹಾಕಲಾ ಅಂತ. ದಾಲ್ ಭಾತಿಗೆ ಎಷ್ಟು ಸಲ ಬಡಿಸಿಕೊಂಡರೂ ದುಡ್ಡು ಒಂದೇ. ಪಿಜ್ಜಾ, ನೂಡಲ್ಸ್, ಪಾಸ್ತಾ ಎಲ್ಲಾ ಮೆನುವಿನಲ್ಲಿ ಇವೆ, ಆದರೆ ಹೋಗುವವರಿಗೆ ನಾನು ಹೇಳುವುದು ಇಷ್ಟೇ: ಅವರು ತಾವು ತಿನ್ನುವುದನ್ನೇ ನೀವೂ ಕೇಳಿ. ಬಿಸಿಯಾಗಿ ಸಿಗುತ್ತದೆ, ಹೊಟ್ಟೆ ತುಂಬ ಸಿಗುತ್ತದೆ, ಬಡಿಸುವವರ ಮುಖ ಅರಳುತ್ತದೆ.

ದಾರಿಯಲ್ಲಿ ಕಂಡ ಹೊಲ ತಲೆಯಲ್ಲೇ ಇತ್ತು. ಕೋದೋದಲ್ಲಿ ಏನು ಮಾಡುತ್ತೀರಿ ಅಂತ ಕೇಳಿದೆ. ರಕ್ಸಿ, ಅಂದರೆ ಸಾರಾಯಿ, ಇಳಿಸುತ್ತೇವೆ, ರೊಟ್ಟಿ ತಟ್ಟುತ್ತೇವೆ, ಆಮೇಲೆ ಢಿಂಡೊ, ಅಂದರು. ಢಿಂಡೊ ಹೇಗೆ ಮಾಡುತ್ತೀರಿ ಅಂದೆ. ಆಮಾ ಗಾಳಿಯಲ್ಲೇ ಎರಡು ಕೈಯಿಂದ ಕೋಲು ತಿರುವಿ ತೋರಿಸಿದರು. ಹಿಟ್ಟು, ಅಂದರೆ ಮುದ್ದೆ, ತಿರುವುವ ಕೈ ಅದು. ನಮ್ಮವ್ವನ ತೋಳು ಹಾಗೇ ಆಡುತ್ತದೆ, ಭುಜದಿಂದ.

"ನಮ್ಮನೇಲಿ ದಿನಾ ಅದೇ ಊಟ," ಅಂದೆ.

ಆಮಾ ನಂಬಲಿಲ್ಲ. ಭಾರತದವರು ಅನ್ನ, ಚಪಾತಿ ತಿನ್ನುತ್ತಾರೆ, ಶಿಲ್ಲಾಂಗಿನಲ್ಲಿ ನೋಡಿದ್ದೇನೆ, ಕೋದೋ ಯಾರು ತಿನ್ನುತ್ತಾರೆ ಅಂದರು. ಅವರ ಚಿಕ್ಕಂದಿನಲ್ಲಿ ಢಿಂಡೊ ಬಡವರ ಊಟವಾಗಿತ್ತಂತೆ, ನೆಂಟರು ಬಂದರೆ ಪಾತ್ರೆ ಮುಚ್ಚಿಡುತ್ತಿದ್ದರಂತೆ. ಅದನ್ನು ಕೇಳಿ ನನಗೆ ಸುಮ್ಮನಿರಲು ಆಗಲಿಲ್ಲ. ಅಕ್ಕಿ ಅನ್ನ ಹಬ್ಬದ ದಿನ ಮಾತ್ರ ಕಂಡ ಮನೆ ನಮ್ಮದು. ಹಾಸ್ಟೆಲಿನಲ್ಲಿ ಪೇಟೆಯ ಹುಡುಗಿಯರ ಎದುರು ಮುದ್ದೆ ನುಂಗಲು ನಾಚಿಕೊಂಡು ಎಷ್ಟೋ ರಾತ್ರಿ ಅರೆಹೊಟ್ಟೆಯಲ್ಲಿ ಮಲಗಿದ್ದೇನೆ. ಅದನ್ನೆಲ್ಲ ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಆಮಾ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದರು. ಕೊನೆಗೆ ಹೇಳಿದರು, "ಈಗ ಹಬ್ಬ, ಜನ ಜಾಸ್ತಿ, ಪುರಸೊತ್ತಿಲ್ಲ. ಮೇಲೆ ಹೋಗಿ ವಾಪಸ್ ಬಾ. ಪೂರ್ಣಿಮೆಗೆ ಮಾಡಿಕೊಡುತ್ತೇನೆ."

ಮಾರನೇ ದಿನ ಛೋಮ್ರೋಂಗಿನ ಕಲ್ಲು ಮೆಟ್ಟಿಲು ಇಳಿದು, ಹೊಳೆ ದಾಟಿ, ಸಿನುವಾಕ್ಕೆ ಏರಿ, ಬಿದಿರುಕಾಡಿನಲ್ಲಿ ಬ್ಯಾಂಬೂ, ಆಮೇಲೆ ದೋಭಾನ್. ಸಿನುವಾ ದಾಟಿದ ಮೇಲೆ ನನಗೆ ಹೇಸರಗತ್ತೆ ಒಂದೂ ಕಾಣಲಿಲ್ಲ. ಅಕ್ಕಿ, ಬೇಳೆ, ಮೊಟ್ಟೆ, ಗ್ಯಾಸು, ತಗಡು, ಕಿಟಕಿಯ ಗಾಜು ಎಲ್ಲವೂ ಮನುಷ್ಯರ ಬೆನ್ನ ಮೇಲೆ. ಡೋಕೊ ಅಂತ ಬಿದಿರಿನ ಬುಟ್ಟಿ, ಅದಕ್ಕೆ ನಾಮ್ಲೊ ಅಂತ ಅಗಲವಾದ ಪಟ್ಟಿ. ಪಟ್ಟಿಯನ್ನು ಹಣೆಗೆ ಕೊಟ್ಟು, ಇಡೀ ಭಾರವನ್ನು ತಲೆ ಕತ್ತಿನ ಮೇಲೆ ಎಳೆದುಕೊಂಡು, ನೆಲ ನೋಡುತ್ತಾ ಹತ್ತುತ್ತಾರೆ.

ದೋಭಾನಿನಲ್ಲಿ ಊಟದ ಹೊತ್ತಿಗೆ ಒಂದು ಗುಂಪು ಬಿಸಿನೀರಿನ ದರಕ್ಕೆ ಜಗಳ ತೆಗೆಯಿತು. ನಮ್ಮ ದೇಶದವರೇ. ಒಂದು ಫ್ಲಾಸ್ಕ್ ನೀರಿಗೆ ಇಷ್ಟಾ, ಸ್ನಾನಕ್ಕೆ ಇಷ್ಟಾ ಅಂತ. ಅಲ್ಲಿದ್ದ ಹೆಣ್ಣುಮಗಳು ಏನೂ ಹೇಳದೆ ಮೆನು ತಿರುಗಿಸಿ ತೋರಿಸಿದಳು. ನನಗೆ ಮಾತ್ರ ನಾಚಿಕೆಯಾಯಿತು, ಸಿಟ್ಟೂ ಬಂತು. ಛೋಮ್ರೋಂಗ್ ದಾಟಿದ ಮೇಲೆ ಸೌದೆ ಉರಿಸುವಂತಿಲ್ಲ. 1986ರಲ್ಲಿ ಅನ್ನಪೂರ್ಣ ಸಂರಕ್ಷಣಾ ಯೋಜನೆ ಶುರುವಾಗುವ ಮುಂಚೆ ಚಾರಣಿಗರ ಸ್ನಾನಕ್ಕೆ, ಅಡುಗೆಗೆ ಕಾಡು ಕಡಿಯುತ್ತಲೇ ಇದ್ದರು. ಈಗ ಎಲ್ಲಾ ಗ್ಯಾಸು, ಸೀಮೆಎಣ್ಣೆ. ದಾರಿಯಲ್ಲಿ ಎಡಕ್ಕೂ ಬಲಕ್ಕೂ ಕೆಂಪಗೆ ಅರಳುವ ಗುರಾಂಸ್ ಮರಗಳ ಕಾಡು ಇನ್ನೂ ನಿಂತಿರುವುದಕ್ಕೆ ಆ ಕಟ್ಟಳೆಯೂ ಒಂದು ಕಾರಣ. ಒಂದು ಸಿಲಿಂಡರಿನಲ್ಲಿ 14.2 ಕಿಲೊ ಗ್ಯಾಸು, ಕಬ್ಬಿಣದ ತೂಕವೂ ಹೆಚ್ಚುಕಮ್ಮಿ ಅಷ್ಟೇ. ಮೂವತ್ತು ಕಿಲೊ ಆಯಿತು. ಅದನ್ನು ಒಬ್ಬ ಎರಡು ದಿನ ಹೊತ್ತು ಮೇಲೆ ತರಬೇಕು, ಖಾಲಿ ಸಿಲಿಂಡರನ್ನು ಮತ್ತೆ ಕೆಳಗೆ ಒಯ್ಯಬೇಕು. ಒಂದು ಬಕೆಟ್ ನೀರು ಕಾಯಿಸಲು ಅದರಲ್ಲಿ ಎಷ್ಟು ಪಾಲು? ಇದನ್ನು ಒಂಬತ್ತನೇ ತರಗತಿಯ ಮಕ್ಕಳಿಗೆ ಲೆಕ್ಕವಾಗಿ ಕೊಡಬೇಕು ಅಂದುಕೊಂಡೆ. ಬಂದ ಮೇಲೆ ಕೊಟ್ಟೂ ಕೊಟ್ಟೆ. ಮೇಲಿನ ನಾಲ್ಕು ದಿನ ನಾನು ಸ್ನಾನ ಮಾಡಲಿಲ್ಲ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡೆ, ಸಾಕಾಯಿತು.

ದೋಭಾನ್ ದಾಟಿದರೆ ದಾರಿಬದಿಯಲ್ಲಿ ಬಾರಾಹ ದೇವರ ಸಣ್ಣ ಗುಡಿ. ಅಲ್ಲಿಂದ ಮೇಲಿನದು ಗುರುಂಗರಿಗೆ ದೇವರ ಜಾಗ. ಹಿಂದೆ ಮಾಂಸ, ಮೊಟ್ಟೆ ಮೇಲೆ ಒಯ್ಯುವಂತಿರಲಿಲ್ಲ. ಹೆಂಗಸರು ಮತ್ತು ಅಸ್ಪೃಶ್ಯರು ಅಂತ ದೂರ ಇಟ್ಟವರು ಹೋಗುವಂತೆಯೇ ಇರಲಿಲ್ಲ. ಮಾಂಸ ಈಗಲೂ ಅಲ್ಲಿ ಬೇಯಿಸುವುದಿಲ್ಲ, ಮೊಟ್ಟೆ ಬಂದಿದೆ. ಹೆಂಗಸರ ಮೇಲಿನ ಆ ತಡೆ ಹೋಗಿ, ಈಗ ಮೇಲಿನ ಲಾಡ್ಜ್‌ಗಳ ಅಡುಗೆಮನೆಯಲ್ಲಿ ಹೆಂಗಸರೂ ಇದ್ದಾರೆ. ಗುಡಿಯ ಮುಂದೆ ಕೈ ಮುಗಿದೆ. ಮುಗಿದು, ಇದನ್ನೂ ಮನಸ್ಸಿನಲ್ಲೇ ದೇವರಿಗೆ ಹೇಳಿದೆ: ನಾನು ಬಂದಿದ್ದೇನೆ.

ಹಿಂಕು ಬಂಡೆಯ ಹತ್ತಿರ ಹುಡುಗ ಬೇಗ ಬೇಗ ನಡೆಯಿರಿ ಅಂದ. ಮೇಲಿನ ಕಣಿವೆಗಳಿಂದ ಹಿಮ ಜಾರಿ ಬೀಳುವ ಜಾಗ ಅದು. 2020ರ ಜನವರಿಯಲ್ಲಿ ಈ ದಾರಿಯಲ್ಲೇ ನಾಲ್ವರು ಕೊರಿಯಾದ ಶಿಕ್ಷಕರು, ಮೂವರು ನೇಪಾಳಿಯರು ಹಿಮದಡಿ ಸಿಕ್ಕಿ ತೀರಿಕೊಂಡರು. ಶಿಕ್ಷಕರು, ಶಾಲೆಯ ರಜೆಯಲ್ಲಿ ಬಂದವರು. ಆ ತಿರುವು ದಾಟುವ ತನಕ ನಾನು ಯಾರ ಜೊತೆಯೂ ಮಾತಾಡಲಿಲ್ಲ.

ದೇವುರಾಲಿ ತಲುಪುವಾಗ ಮೂರು ಗಂಟೆ, ಮೋಡ ಇಳಿದು ಸೋನೆ ಹಿಡಿದಿತ್ತು. ಅಲ್ಲಿರುವುದೇ ಬೆರಳೆಣಿಕೆಯ ಲಾಡ್ಜ್‌ಗಳು. ಗುಂಪುಗಳು ಮೊದಲೇ ಫೋನ್ ಮಾಡಿ ಕೋಣೆ ಹಿಡಿದಿದ್ದವು. ಎಲ್ಲಾ ಬಾಗಿಲಲ್ಲೂ ಇಲ್ಲ, ಇಲ್ಲ. ಕೊನೆಯ ಲಾಡ್ಜ್‌ನವರು ಊಟದ ಕೋಣೆಯಲ್ಲಿ ಮಲಗುವುದಾದರೆ ರಜಾಯಿ ಕೊಡುತ್ತೇವೆ ಅಂದರು. ತಮ್ಮ ನನ್ನ ಮುಖ ನೋಡಿದ. ಮಲಗೋಣ ಬಿಡು, ಮದುವೆಮನೆ ಅಂದುಕೊಂಡರಾಯಿತು ಅಂದೆ.

ಊಟದ ಕೋಣೆ ಉದ್ದಕ್ಕಿತ್ತು. ಮೂರು ಗೋಡೆಗೂ ಒತ್ತಿ ಬೆಂಚು, ನಡುವೆ ದೊಡ್ಡ ಮೇಜು. ಮೇಜಿಗೆ ಸುತ್ತ ಕಂಬಳಿ ಇಳಿಬಿಟ್ಟು, ಕೆಳಗೆ ಒಂದು ಒಲೆ ಹಚ್ಚಿದ್ದರು. ಕಂಬಳಿಯೊಳಗೆ ಕಾಲು ತೂರಿಸಿ ಕೂತರೆ ಮಂಡಿಯ ತನಕ ಬೆಚ್ಚಗೆ, ಬೆನ್ನಿಗೆ ಚಳಿ. ಮೇಲೆ ಹಗ್ಗದಲ್ಲಿ ಮೂವತ್ತು ನಲವತ್ತು ಜೊತೆ ಕಾಲುಚೀಲ ತೂಗುತ್ತಿದ್ದವು. ಒದ್ದೆ ಉಣ್ಣೆ, ಸೀಮೆಎಣ್ಣೆ, ಬೆಳ್ಳುಳ್ಳಿ ಸೂಪು, ಎಲ್ಲಾ ಸೇರಿ ಒಂದೇ ವಾಸನೆ. ಚಾರಣಿಗರೆಲ್ಲ ಉಂಡು ಎಂಟೂವರೆಗೆ ಕೋಣೆ ಸೇರಿದರು. ಅಲ್ಲಿಯ ತನಕ ಹೊರಗೆ, ಅಡುಗೆಮನೆಯ ಮೂಲೆಯಲ್ಲಿ ನಿಂತಿದ್ದ ಹುಡುಗರು ಆಮೇಲೆ ಒಬ್ಬೊಬ್ಬರೇ ಒಳಗೆ ಬಂದರು. ಹೊರೆಯವರು, ದಾರಿ ತೋರಿಸುವವರು. ಹದಿನೈದು ಹದಿನಾರು ಜನ. ಮೇಜು ಸರಿಸಿದರು, ಬೆಂಚಿನ ದಿಂಬುಗಳನ್ನು ನೆಲಕ್ಕೆ ಹಾಕಿದರು. ಯಾರು ಎಲ್ಲಿ ಅಂತ ಯಾರೂ ಕೇಳಲಿಲ್ಲ. ದಿನಾ ಮಾಡುವ ಕೆಲಸ ಅಂತ ನೋಡಿದರೇ ತಿಳಿಯುತ್ತಿತ್ತು. ನಮ್ಮ ಹುಡುಗನೂ ಬಂದ. ಗೋಡೆಯ ಮೂಲೆಯಲ್ಲಿ ತನ್ನ ಜಾಕೆಟ್ ಮಡಚಿ ತಲೆಗೆ ಇಟ್ಟುಕೊಂಡ.

ಆಗ ಹೊಳೆಯಿತು. ಅವನು ನಮ್ಮ ಜೊತೆ ಬಂದು ನಾಲ್ಕನೇ ರಾತ್ರಿ. ದಿನಾ ಸಂಜೆ "ಶುಭ ರಾತ್ರಿ ದಿದಿ" ಅಂತ ಹೇಳಿ ಹೋಗುತ್ತಿದ್ದ. ಎಲ್ಲಿ ಮಲಗುತ್ತೀಯ ಅಂತ ನಾನು ಒಂದು ದಿನವೂ ಕೇಳಿರಲಿಲ್ಲ. ಲಮ್ಜುಂಗ್ ಕಡೆಯ ಹುಡುಗ, ಇಪ್ಪತ್ತೆರಡು ವರ್ಷ. ನನ್ನ ಹಳೇ ವಿದ್ಯಾರ್ಥಿಗಳ ವಯಸ್ಸು. ನಮ್ಮಿಬ್ಬರ ಬಟ್ಟೆ ಬರೆ ಅವನ ಬೆನ್ನ ಮೇಲಿತ್ತು. ಇಪ್ಪತ್ತೈದು ವರ್ಷದಿಂದ ತರಗತಿಯಲ್ಲಿ ಹಿಂದಿನ ಬೆಂಚಿನ ಮಗು ಊಟ ಮಾಡಿದೆಯಾ ಅಂತ ನೋಡುವ ನಾನು ಇದನ್ನು ಹೇಗೆ ಮರೆತೆ? ಆ ರಾತ್ರಿ ಇದೇ ಮಾತು ತಿರುಗಿ ತಿರುಗಿ ಬಂತು.

ಅವರು ಮೇಣದಬತ್ತಿ ಹಚ್ಚಿಕೊಂಡು ಇಸ್ಪೀಟು ಆಡಿದರು. ಕಾಲ್ ಬ್ರೇಕ್ ಅಂತೆ ಆಟದ ಹೆಸರು. ದನಿ ಏರದಂತೆ ಆಡುತ್ತಿದ್ದರು, ಅತಿಥಿಗಳು ಮಲಗಿದ್ದಾರೆ ಅಂತ. ನಾನು ಎದ್ದು ಕೂತಾಗ ಜಾಗ ಬಿಟ್ಟು ಕೊಟ್ಟರು. ಹುಡುಗನನ್ನು ಮನೆಯ ಬಗ್ಗೆ ಕೇಳಿದೆ. ಹಬ್ಬಕ್ಕೆ ಊರಿಗೆ ಹೋಗಬೇಕಿತ್ತು ದಿದಿ, ಆದರೆ ನಮ್ಮ ದುಡಿಮೆಯ ತಿಂಗಳೂ ಇದೇ ಅಂದ. ಜನ ಬರುವುದು ದಶೈಂ ಹೊತ್ತಿಗೇ. ಮೂರು ವರ್ಷದಿಂದ ಅಮ್ಮನ ಕೈಯ ಟೀಕಾ ಇಟ್ಟುಕೊಂಡಿಲ್ಲ. ಅವನು ಅದನ್ನು ದೂರಿನ ಹಾಗೆ ಹೇಳಲಿಲ್ಲ. ಎಲೆ ಜೋಡಿಸಿಕೊಳ್ಳುತ್ತಾ ಹೇಳಿದ.

ನಾಲ್ಕು ಗಂಟೆಗೆ ಅವರೇ ಮೊದಲು ಎದ್ದರು. ದಿಂಬು ಜಾಗಕ್ಕೆ ಹೋಯಿತು, ಮೇಜು ಹೋಯಿತು, ಕಸ ಗುಡಿಸಿ ಆಯಿತು. ಐದಕ್ಕೆ ಚಾರಣಿಗರು ಚಹಾಕ್ಕೆ ಬರುವಾಗ ಅಲ್ಲಿ ಹದಿನಾರು ಜನ ಮಲಗಿದ್ದರು ಅನ್ನುವ ಗುರುತೇ ಇರಲಿಲ್ಲ.

ಬೇಸ್ ಕ್ಯಾಂಪ್ 4,130 ಮೀಟರ್. ನನಗೆ ತಲೆನೋವು ಬಂತು, ಊಟ ಸೇರಲಿಲ್ಲ, ನೀರು ಕುಡಿದು ಕೂತೆ. 1970ರಲ್ಲಿ ಬ್ರಿಟನ್ನಿನ ಪರ್ವತಾರೋಹಿ ಕ್ರಿಸ್ ಬಾನಿಂಗ್ಟನ್ ತಂಡ ಅನ್ನಪೂರ್ಣದ ದಕ್ಷಿಣದ ಆ ಗೋಡೆಯಂಥ ಮುಖ ಹತ್ತಲು ಬೀಡು ಬಿಟ್ಟ ಕಡೆ ಈಗ ನಾಲ್ಕಾರು ಲಾಡ್ಜ್‌ಗಳಿವೆ. ಸಂಜೆ ಮೋಡ ಹರಿದು, ತ್ರಯೋದಶಿಯ ಚಂದ್ರ ಮಾಛಾಪುಛ್ರೆಯ ಹೆಗಲ ಮೇಲೆ ಬಂದ. 6,993 ಮೀಟರಿನ ಆ ಮೀನಬಾಲದ ಶಿಖರವನ್ನು ಹತ್ತಲು ನೇಪಾಳ ಯಾರಿಗೂ ಅನುಮತಿ ಕೊಡುವುದಿಲ್ಲ. 1957ರಲ್ಲಿ ಹೋದವರು ತುದಿಗೆ ಇನ್ನೇನು ಸ್ವಲ್ಪ ಇರುವಾಗ ತಿರುಗಿ ಬಂದರು. ಮುಟ್ಟದೆ ಬಿಟ್ಟ ಒಂದು ಬೆಟ್ಟ ಇದೆ ಅನ್ನುವುದೇ ನನಗೆ ಸಮಾಧಾನ ಕೊಟ್ಟಿತು. ಇತ್ತ ಕಡೆ ಅನ್ನಪೂರ್ಣ, 8,091 ಮೀಟರ್. ಅವ್ವ ವರ್ಷಕ್ಕೊಮ್ಮೆ ಹೊರನಾಡಿಗೆ ಹೋಗುತ್ತಾಳೆ. ಅಲ್ಲಿ ಅನ್ನಪೂರ್ಣೇಶ್ವರಿಯ ಎದುರು ನಿಂತವರನ್ನು ಊಟ ಮಾಡದೆ ಕಳಿಸುವುದಿಲ್ಲ. ಅದೇ ಹೆಸರಿನ ಬೆಟ್ಟದ ಬುಡದಲ್ಲಿ, ಛೋಮ್ರೋಂಗಿನ ಒಂದೂವರೆ ಪಟ್ಟು ದರಕ್ಕೆ, ಅದೇ ದಾಲ್ ಭಾತನ್ನು ಮುಂದಿಟ್ಟುಕೊಂಡು ಕೂತಿದ್ದೆ. ನಾಲ್ಕು ತುತ್ತು ತಿಂದೆ. ಬಿಡಲು ಮನಸ್ಸು ಬರಲಿಲ್ಲ, ಉಳಿದದ್ದನ್ನು ತಮ್ಮನ ತಟ್ಟೆಗೆ ಹಾಕಿದೆ. ಆ ರಾತ್ರಿ ಹುಡುಗನಿಗೂ ಒಂದು ಮಂಚ ಕೊಡಿ, ದುಡ್ಡು ನಾವು ಕೊಡುತ್ತೇವೆ ಅಂತ ಕೇಳಿದೆ. ನಮ್ಮ ಕೋಣೆಯಲ್ಲಿ ಮೂರನೇ ಮಂಚ ಖಾಲಿ ಇತ್ತು. ಅವನು ಮೊದಲು ಬೇಡ ಅಂದ, ಆಮೇಲೆ ಮಲಗಿದ. ಮಲಗಿದ ಎರಡು ನಿಮಿಷಕ್ಕೆ ಗೊರಕೆ.

ಪೂರ್ಣಿಮೆಯ ಮಧ್ಯಾಹ್ನ ಛೋಮ್ರೋಂಗಿನ ಮೆಟ್ಟಿಲುಗಳನ್ನು ಹತ್ತಿದೆವು. ಇಳಿಯುವಾಗ ತಮ್ಮ ಎಣಿಸಲು ಶುರುಮಾಡಿ ಎಂಟುನೂರಕ್ಕೆ ಬಿಟ್ಟಿದ್ದ, ಹತ್ತುವಾಗ ಆ ಪ್ರಯತ್ನ ಮಾಡಲಿಲ್ಲ. ಆಮಾ ಅಂಗಳದಲ್ಲೇ ಇದ್ದರು. "ಬಂದೆಯಾ ನಾನಿ," ಅಂದರು. ನಾನಿ ಅಂದರೆ ಮಗಳೇ, ಪುಟ್ಟಿ ಅಂದ ಹಾಗೆ. ಈ ವಯಸ್ಸಿನಲ್ಲಿ ನನ್ನನ್ನು ಹಾಗೆ ಕರೆಯುವವರು ಊರಿನಲ್ಲಿ ಅವ್ವನನ್ನು ಬಿಟ್ಟರೆ ಯಾರೂ ಉಳಿದಿಲ್ಲ.

ಟೀಕಾ ಇಡುವುದು ಪೂರ್ಣಿಮೆಯ ತನಕ. ಅಂದರೆ ಅದೇ ಕೊನೆಯ ದಿನ. ಆಮಾ ನಮ್ಮಿಬ್ಬರನ್ನೂ ಚಾಪೆಯ ಮೇಲೆ ಕೂರಿಸಿದರು. ನಾನು ಹುಡುಗನನ್ನೂ ಕರೆದೆ. ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ, ಬರಲು ಹಿಂದೆ ಮುಂದೆ ನೋಡಿದ. ಅವನ ಅಮ್ಮನ ವಿಷಯವನ್ನು ಆಮಾಗೆ ಹೇಳಿದೆ. ಆಮಾ ಏನೂ ಮಾತಾಡದೆ ಅವನ ಕೈ ಹಿಡಿದು ತಂದು ನನಗಿಂತ ಮೊದಲು ಕೂರಿಸಿದರು. ಮೊಸರಕ್ಕಿ ತಣ್ಣಗೆ ಹಣೆಗೆ ಅಂಟುತ್ತದೆ, ಮೂರು ಬೆರಳಿನಿಂದ ಒತ್ತಿ ಹಿಡಿಯುತ್ತಾರೆ. ಹುಡುಗನ ಹಣೆಯ ಮೇಲೆ ನಾಮ್ಲೊ ಪಟ್ಟಿ ಉಜ್ಜಿ ಉಜ್ಜಿ ಒಂದು ಗೆರೆ ಬಿದ್ದಿದೆ, ಚರ್ಮ ಅಲ್ಲಿ ನುಣ್ಣಗೆ ಹೊಳೆಯುತ್ತದೆ. ಆಮಾ ಟೀಕಾ ಇಟ್ಟದ್ದು ಅದರ ಮೇಲೆಯೇ. ಅವನಿಗೆ ಹರಸಿದ ಮಾತು ನನಗೆ ಅರ್ಥವಾಗಲಿಲ್ಲ, ಉದ್ದವಾಗಿತ್ತು. ಅವನು ತಲೆ ಎತ್ತಲೇ ಇಲ್ಲ.

ಸಂಜೆ ಆಮಾ ನನ್ನನ್ನು ಹಿಂದಿನ ಹಳೇ ಅಡುಗೆಮನೆಗೆ ಕರೆದುಕೊಂಡು ಹೋದರು. ಅತಿಥಿಗಳ ಅಡುಗೆ ಮುಂದೆ, ಗ್ಯಾಸಿನ ಮೇಲೆ. ಮನೆಯವರ ಅಡುಗೆ ಇಲ್ಲಿ, ನೆಲದಲ್ಲಿ ತೋಡಿದ ಸೌದೆ ಒಲೆಯ ಮೇಲೆ. ಮೂಲೆಯಲ್ಲಿ ಬೀಸುವ ಕಲ್ಲು. ನಮ್ಮ ಹಿತ್ತಿಲಿನಲ್ಲಿ ಮಣ್ಣು ಮುಚ್ಚಿ ಬಿದ್ದಿರುವಂಥದ್ದೇ ಕಲ್ಲು, ಇಲ್ಲಿ ಇನ್ನೂ ಹಿಟ್ಟು ಮೆತ್ತಿಕೊಂಡಿತ್ತು. ಕಬ್ಬಿಣದ ಬಾಣಲೆಯಲ್ಲಿ ಎಸರು ಕುದಿಯುತ್ತಿತ್ತು. ನಾವು ಎಸರು ಮರಳಿದ ಮೇಲೆ ಹಿಟ್ಟನ್ನು ಒಟ್ಟಿಗೆ ನಡುವೆ ಗುಡ್ಡೆ ಹಾಕಿ, ಕೋಲು ನೆಟ್ಟು, ಸುತ್ತ ಉಕ್ಕಿ ಬೇಯಲು ಬಿಟ್ಟು ಆಮೇಲೆ ತಿರುವುತ್ತೇವೆ. ಆಮಾ ಹಾಗಲ್ಲ. ಎಡಗೈಯಲ್ಲಿ ಹಿಟ್ಟನ್ನು ಚೂರು ಚೂರೇ ಉದುರಿಸುತ್ತಾ ಬಲಗೈಯಲ್ಲಿ ನಿಲ್ಲಿಸದೆ ತಿರುವುತ್ತಿದ್ದರು. ಹಿಟ್ಟಿನ ಬಣ್ಣ ನಮ್ಮದಕ್ಕಿಂತ ಕಪ್ಪು. ಪಕ್ಕದಲ್ಲಿ ಗುಂದ್ರುಕ್ ಸಾರು: ಸಾಸಿವೆ, ಮೂಲಂಗಿ ಸೊಪ್ಪನ್ನು ಬಾಡಿಸಿ, ಒತ್ತಿಟ್ಟು ಹುಳಿ ಬರಿಸಿ, ಒಣಗಿಸಿಟ್ಟದ್ದು. ಹುಣಸೆ ಇಲ್ಲದ ಹುಳಿ.

ವಾಸನೆ ಏಳುತ್ತಿದ್ದ ಹಾಗೆ ನನಗೆ ತಡೆಯಲಾಗಲಿಲ್ಲ. ಫೋನ್ ತೆಗೆದು ಅವ್ವನಿಗೆ ವಿಡಿಯೊ ಕರೆ ಮಾಡಿದೆ. ಅವ್ವ ಜಗುಲಿಯ ಮೇಲೆ ಅವರೇಕಾಯಿ ಬಿಡಿಸುತ್ತಿದ್ದಳು. ಫೋನನ್ನು ಒಲೆಯ ಕಡೆ ತಿರುಗಿಸಿದೆ. ಇಬ್ಬರೂ ಒಬ್ಬರನ್ನೊಬ್ಬರು ಸ್ವಲ್ಪ ಹೊತ್ತು ನೋಡಿದರು. ಆಮಾ ಕೈ ಮುಗಿದರು, ಅವ್ವನೂ ಮುಗಿದಳು.

"ಹಿಟ್ಟಾ ಮಗ ಅದು?" ಅಂದಳು ಅವ್ವ.

"ಹ್ಞೂಂ ಕಣವ್ವ, ರಾಗಿ ಹಿಟ್ಟೇ. ಇಲ್ಲೂ ಬೆಳೀತಾರೆ."

ಆಮಾ ಕೋಲು ಎತ್ತಿ, ಅದಕ್ಕೆ ಅಂಟಿದ ಹಿಟ್ಟನ್ನು ಫೋನಿನ ಹತ್ತಿರ ತಂದು ತೋರಿಸಿದರು. ಅವ್ವ ಕನ್ನಡಕ ಮೇಲಕ್ಕೆ ಸರಿಸಿ, ಮುಖ ಪೂರ್ತಿ ಪರದೆಗೆ ತಂದು ನೋಡಿದಳು.

"ಬಲಗಡೆ ಒಂದು ಗಂಟು ಉಳಿದದೆ. ಇನ್ನೊಂದು ಎರಡು ಸುತ್ತು ತಿರುವಕ್ಕೆ ಹೇಳು ಆಯಮ್ಮಂಗೆ. ನೀನೂ ಸುಮ್ನೆ ನಿಂತಿದೀಯಲ್ಲ, ಬಾಣ್ಲಿ ಹಿಡ್ಕೊ."

ನಾನು ಹೇಳಿದೆ. ಆಮಾ ಬಗ್ಗಿ ನೋಡಿ, ಗಂಟನ್ನು ಹುಡುಕಿ, ಬಾಣಲೆಯ ಅಂಚಿಗೆ ಒತ್ತಿ ಒಡೆದರು. ಫೋನನ್ನು ಹಿಟ್ಟಿನ ಡಬ್ಬಕ್ಕೆ ಒರಗಿಸಿ ನಿಲ್ಲಿಸಿ, ಎರಡು ಕೈಯಲ್ಲೂ ಬಟ್ಟೆ ಸುತ್ತಿಕೊಂಡು ನಾನು ಬಾಣಲೆ ಹಿಡಿದೆ.